ಬೆನ್ನಿಗೆ ಒಲೆ ಕಟ್ಟಿಕೊಂಡ ಕಾರು

ನಮ್ಮ ಮನೆಯಲ್ಲಿ ಎರಡು ದಿನದಿಂದ ಚಟ್ನಿ ಇಲ್ಲ. ಕಾರಣ ಹೇಳಿದರೆ ನಗುತ್ತೀರಿ. ಅಡುಗೆಮನೆಯಲ್ಲಿ ಮಿಕ್ಸಿಗೆಂದು ಇದ್ದ ಪ್ಲಗ್ಗಿಗೆ ಈಗ ಒಂದು ಕಾರನ್ನು ಸಿಕ್ಕಿಸಿದ್ದಾರೆ.

ಕಾರು ನನ್ನ ತಮ್ಮನ ಮೊಮ್ಮಗಳು ಮೇಘನಾಳದು. ಕರೆಂಟಿನ ಕಾರು. ಹಾಸನದ ನಮ್ಮ ಮನೆಯ ಮುಂದೆ ಕರು ಕಟ್ಟಿಹಾಕಿದ ಹಾಗೆ ನಿಂತಿದೆ. ಅಡುಗೆಮನೆಯ ಕಿಟಕಿಯಿಂದ ಹೊರಟ ಕಪ್ಪು ವೈರು ದಾಸವಾಳದ ಗಿಡ ಬಳಸಿ ಹೋಗಿ ಅದರ ಪಕ್ಕೆಗೆ ಸೇರಿಕೊಂಡಿದೆ. ಅದು ಉಣ್ಣುವಾಗ ನಾವು ಉಣ್ಣುವಂತಿಲ್ಲ. ಅರಕಲಗೂಡಿಗೆ ಹೋಗಿ, ಅಲ್ಲಿಂದ ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗಿ, ನೆಂಟರನ್ನೆಲ್ಲ ನೋಡಿಕೊಂಡು ಸಂಜೆಗೆ ಹಾಸನಕ್ಕೆ ವಾಪಸಾಗಬೇಕು ಅಂತ ಅವಳ ಆಸೆ. ಅದಕ್ಕೆ ಬೆಳಿಗ್ಗೆಯಿಂದ ಫೋನು ಹಿಡಿದು ಕೂತಿದ್ದಾಳೆ. ದಾರಿಯಲ್ಲಿ ಎಲ್ಲೆಲ್ಲಿ ಕರೆಂಟು ಸಿಗುತ್ತದೆ ಅಂತ ಆ ಫೋನು ಹಸಿರು ಚುಕ್ಕೆ ಇಟ್ಟು ತೋರಿಸುತ್ತದಂತೆ. ಮನೆಯಲ್ಲಿ ಎರಡು ಪಕ್ಷವಾಗಿದೆ. ಊರೊಳಗೆ ತರಕಾರಿ ತರುವುದಕ್ಕೆ ಸರಿ, ದೂರಕ್ಕೆ ಇದು ಆಗುವುದಿಲ್ಲ ಎನ್ನುವವರು ಒಂದು ಕಡೆ. ಆಗುತ್ತದೆ ಎನ್ನುವ ಮೇಘನಾ ಒಬ್ಬಳೇ ಇನ್ನೊಂದು ಕಡೆ.

"ನೀವೇ ಹೇಳಿ ಅಜ್ಜಿ, ಲಾಂಗ್ ಡ್ರೈವಿಗೆ ಇದು ಆಗುತ್ತೋ ಇಲ್ವೋ?" ಅಂದಳು.

"ಆಗುತ್ತೆ ಕಣೆ. ದಿಣ್ಣೆ ಬಂದಾಗ ತಳ್ಳೋರಿರಬೇಕು ಅಷ್ಟೆ" ಅಂದೆ.

ತೊಂಬತ್ತು ದಾಟಿದ ಮುದುಕಿಗೆ ಬುದ್ಧಿ ಅತ್ತಿತ್ತ ಆಗಿದೆ ಅಂದುಕೊಂಡು ಅವಳು ಮತ್ತೆ ಫೋನಿಗೆ ತಲೆ ಬಗ್ಗಿಸಿದಳು. ಅವಳದೇನೂ ತಪ್ಪಿಲ್ಲ. ಅವಳು ಹೋಗಬೇಕೆಂದಿರುವ ಅದೇ ರಸ್ತೆಯಲ್ಲಿ, ಪೆಟ್ರೋಲಿಲ್ಲದ ಕಾರಿನಲ್ಲಿ, ನಾನು ಮೊಳಕಾಲುದ್ದ ಲಂಗ ಹಾಕಿಕೊಳ್ಳುತ್ತಿದ್ದ ವಯಸ್ಸಿನಲ್ಲೇ ಹೋಗಿ ಬಂದಿದ್ದೇನೆ ಎಂದು ಅವಳಿಗೆ ಯಾರು ಹೇಳಬೇಕು? ಆ ಕಾರು ಕರೆಂಟಿನಿಂದ ಓಡುತ್ತಿರಲಿಲ್ಲ. ಅದು ಇದ್ದಲು ತಿನ್ನುತ್ತಿತ್ತು.

ಯುದ್ಧದ ಕಾಲ. ಯುದ್ಧ ಎಲ್ಲಿ ನಡೆಯುತ್ತಿತ್ತೋ, ಯಾರಿಗೂ ಯಾರಿಗೂ ನಡೆಯುತ್ತಿತ್ತೋ ನನಗೆ ತಿಳಿಯದು. ಚನ್ನರಾಯಪಟ್ಟಣಕ್ಕೆ ಅದು ಬಂದದ್ದು ಸೀಮೆಎಣ್ಣೆ ಇಲ್ಲ, ಪೆಟ್ರೋಲು ಇಲ್ಲ ಎನ್ನುವ ರೂಪದಲ್ಲಿ. ನಮ್ಮ ದೊಡ್ಡಪ್ಪ ಗುರುಸಿದ್ದಪ್ಪನವರು ಕೊಬ್ಬರಿ ವ್ಯಾಪಾರಸ್ಥರು. ಅವರಿಗೊಂದು ಹಳೆಯ ಕಾರಿತ್ತು. ಕಾರಿಗಿಂತ ಹೆಚ್ಚಾಗಿ, ಕಾರಿರುವವರು ಎನ್ನುವ ಹೆಸರಿತ್ತು. ಕೂಪನ್ನಿಗೆ ಸಿಗುತ್ತಿದ್ದ ಚೂರುಪಾರು ಪೆಟ್ರೋಲನ್ನು ಅವರು ಔಷಧಿ ಸೀಸೆಯಲ್ಲಿ ತುಂಬಿ, ಬಿರಡೆ ಜಡಿದು, ದೇವರ ಮನೆಯಲ್ಲಿ ಇಡುತ್ತಿದ್ದರು. ಪೂಜೆಗೆ ಕೂತಾಗ ಅವರ ಕಣ್ಣು ದೇವರ ಮೇಲಿತ್ತೋ ಸೀಸೆಯ ಮೇಲಿತ್ತೋ ಹೇಳುವುದು ಕಷ್ಟ.

ಬಸ್ಸಿನವರೆಲ್ಲ ಇದ್ದಲಿನ ಗ್ಯಾಸಿಗೆ ಬದಲಾದರು. ಅದನ್ನು ನೋಡಿ ದೊಡ್ಡಪ್ಪನಿಗೂ ಹುಕಿ ಬಂತು. ಕಾರನ್ನು ಹಾಸನಕ್ಕೆ ಕೊಂಡುಹೋದವರು ವಾರ ಬಿಟ್ಟು ಅದರ ಬೆನ್ನಿಗೆ ಆಳೆತ್ತರದ ಕಬ್ಬಿಣದ ಡ್ರಮ್ಮು ಕಟ್ಟಿಸಿಕೊಂಡು ಬಂದರು. ದೊಡ್ಡಪ್ಪನ ತಾಯಿ, ಅಂದರೆ ನಮ್ಮಜ್ಜಿ, ಬಾಗಿಲಿಗೆ ಬಂದು ಮೇಲಿಂದ ಕೆಳಗೆ ನೋಡಿದಳು.

"ಇದ್ಯಾಕ್ಲಾ ಗುರುಸಿದ್ದ, ಬಚ್ಚಲ ಅಂಡೆ ಒತ್ಕಂಡು ಬಂದಿದ್ದೀಯ?"

"ಇದು ಅಂಡೆ ಅಲ್ಲ ಕಣವ್ವಾ, ಗ್ಯಾಸ್ ಪ್ಲಾಂಟು."

"ಒಳಗೆ ಏನ್ ಆಕ್ತಾರೆ?"

"ಇದ್ದಲು."

"ಕೆಳಗೆ?"

"ಬೆಂಕಿ."

"ಮತ್ತೆ ಅಂಡೆ ಒಲೆ ಅನ್ನು" ಅಂದು ಅಜ್ಜಿ ಒಳಕ್ಕೆ ಹೋದಳು. ಅವಳ ಲೆಕ್ಕದಲ್ಲಿ ಆ ಮಾತು ಅಲ್ಲಿಗೆ ಮುಗಿಯಿತು. ಮುಂದಿನ ಅನಾಹುತಕ್ಕೆಲ್ಲ ಆ ಮಾತೇ ಮೂಲ ಅಂತ ಆಗ ಯಾರಿಗೂ ಹೊಳೆಯಲಿಲ್ಲ.

ಅದನ್ನು ಹೊರಡಿಸುವುದೇ ಒಂದು ಸಂಭ್ರಮ. ಮೇಲಿನ ಮುಚ್ಚಳ ತೆಗೆದು ಇದ್ದಲು ಸುರಿಯಬೇಕು. ಕೆಳಗಿನ ಸಣ್ಣ ಬಾಗಿಲಲ್ಲಿ ಬೆಂಕಿ ಕೊಡಬೇಕು. ಆಮೇಲೆ ಪಕ್ಕದಲ್ಲಿರುವ ಗಾಳಿ ಯಂತ್ರದ ಹಿಡಿಯನ್ನು ರಾಗಿ ಬೀಸಿದ ಹಾಗೆ ತಿರುಗಿಸುತ್ತಲೇ ಇರಬೇಕು. ಬೆಂಕಿ ಚೆನ್ನಾಗಿ ಕೂತ ಮೇಲೆ ದೊಡ್ಡಪ್ಪ ಒಂದು ಸಣ್ಣ ಕೊಳವೆಯ ಬಾಯಿಗೆ ಕಡ್ಡಿ ಗೀರಿ ಹಿಡಿಯುವರು. ನೀಲಿ ಉರಿ ಹತ್ತಿದರೆ ಗ್ಯಾಸು ಬಂದಿದೆ ಅಂತ ಅರ್ಥ. ಆಗ ದೇವರ ಮನೆಯ ಸೀಸೆ ತಂದು ಎಂಜಿನ್ನಿಗೆ ಎರಡು ತೊಟ್ಟು ಪೆಟ್ರೋಲು ಕುಡಿಸಿ ಹ್ಯಾಂಡಲು ಹೊಡೆಯಬೇಕು. ಇಷ್ಟಾಗುವಾಗ ದೊಡ್ಡಪ್ಪನ ಹಣೆಯಲ್ಲಿ ವಿಭೂತಿ ಯಾವುದು, ಇದ್ದಲಿನ ಬೂದಿ ಯಾವುದು ಎಂದು ಶಿವನೇ ಹೇಳಬೇಕು. ಇಷ್ಟು ಮಾಡಿದ ಮೇಲೂ ಕಾರಿಗೆ ಮೊದಲಿನ ಕಸುವಿಲ್ಲ. ಸಮತಟ್ಟು ನೆಲದಲ್ಲಿ ಗೊರಗೊರ ಎನ್ನುತ್ತ ಓಡುವುದು. ಏರು ಕಂಡರೆ ಸಾಲ ಕೊಟ್ಟವನನ್ನು ಕಂಡ ಸಾಲಗಾರನಂತೆ ಹಿಂದೆ ಸರಿಯುವುದು.

ಅಜ್ಜಿ ಮಾತ್ರ ಆ ಡ್ರಮ್ಮನ್ನು ಒಲೆಯಂತೆಯೇ ನಡೆಸಿಕೊಂಡಳು. ಬೆಳಿಗ್ಗೆ ಅದಕ್ಕೆ ಮೂರು ಪಟ್ಟೆ ವಿಭೂತಿ ಬಳಿಯುವಳು. ದೊಡ್ಡಪ್ಪ ಬೂದಿ ಗೋರಲು ಕಾರು ನಿಲ್ಲಿಸಿದರೆ ಸಾಕು, ಸೆರಗಿನಿಂದ ಗೆಣಸು ತೆಗೆದು ಕೆಂಡದೊಳಗೆ ತೂರಿಸುವಳು. ಬಂದ ಗಿರಾಕಿಗಳ ಮುಂದೆ ಗ್ಯಾಸ್ ಪ್ಲಾಂಟಿನ ಮಹಿಮೆ ಹೇಳುತ್ತ ದೊಡ್ಡಪ್ಪ ಬಾಗಿಲು ತೆಗೆದರೆ ಒಳಗಿನಿಂದ ಸುಟ್ಟ ಗೆಣಸು ಉರುಳಿ ಬಂದದ್ದೂ ಉಂಟು. ಆ ಗೆಣಸಿನ ರುಚಿ ಈಗ ಎಲ್ಲಿ ಬರಬೇಕು, ಬಿಡಿ. ಮೇಘನಾಳ ಕಾರಿನಲ್ಲಿ ಒಂದು ಹಪ್ಪಳ ಸುಡುವುದಕ್ಕೂ ಜಾಗವಿಲ್ಲ.

ಈಗ ಅಕ್ಕನ ವಿಷಯ ಹೇಳಬೇಕು. ನಮ್ಮಕ್ಕ ಶಿವಮ್ಮನನ್ನು ಅರಕಲಗೂಡಿಗೆ ಕೊಟ್ಟಿತ್ತು. ಚೊಚ್ಚಲ ಬಸುರಿ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು ಎನ್ನುವುದು ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಅಕ್ಕನಿಗೆ ಪದ್ಧತಿಗಿಂತ ಹೆಚ್ಚಾಗಿ ಭಯ. ಅವಳ ಓರಗೆಯ ಹುಡುಗಿಯೊಬ್ಬಳು ಹಿಂದಿನ ವರ್ಷ ಹೆರಿಗೆಯಲ್ಲಿ ತೀರಿಕೊಂಡಿದ್ದಳು. 'ಏನಾದರೂ ಆಗಲಿ, ಅವ್ವ ಪಕ್ಕದಲ್ಲಿರಬೇಕು' ಅಂತ ಬಂದವರು ಹೋದವರ ಕೈಲೆಲ್ಲ ಹೇಳಿಕಳಿಸುತ್ತಿದ್ದಳು. ಅವ್ವ ಅದನ್ನು ಕೇಳಿ ಒಲೆಯ ಮುಂದೆ ಕೂತು ಮೂಗು ಸೀಟಿಕೊಳ್ಳುವಳು.

ಅಕ್ಕನ ಅತ್ತೆ ಚನ್ನಾಜಮ್ಮನಿಗೆ ಮಾತ್ರ ಸೊಸೆಯನ್ನು ಕಳಿಸುವ ಮನಸ್ಸಿಲ್ಲ. ಕಳಿಸುವುದಿಲ್ಲ ಅಂತ ಹೇಳುವ ಹೆಂಗಸಲ್ಲ ಅವರು. ಐದನೇ ತಿಂಗಳಲ್ಲಿ ಕೇಳಿದರೆ ಆಷಾಢ ಕಳೆಯಲಿ ಅಂದರು. ಆಷಾಢ ಕಳೆದ ಮೇಲೆ ಹಸು ಈಯಲಿ ಅಂದರು. ಹಸು ಈದ ಮೇಲೆ ಕರುವಿಗೆ ಸೊಸೆಯ ಕೈ ಹೊಂದಿಕೊಂಡಿದೆ ಅಂದರು. ಹೀಗೆ ಏಳನೇ ತಿಂಗಳು ಮುಗಿಯುತ್ತ ಬಂತು. ಎಂಟರಲ್ಲಿ ಬಸುರಿಯನ್ನು ಮನೆಯಿಂದ ಮನೆಗೆ ಕಳಿಸುವ ಪದ್ಧತಿ ಇಲ್ಲ. ಒಂಬತ್ತರಲ್ಲಿ ಆ ರಸ್ತೆಯಲ್ಲಿ ಕೂರಿಸಿಕೊಂಡು ಬರುವ ಧೈರ್ಯ ಯಾರಿಗಿದೆ? ನಾಳೆಯಿಂದ ಎಂಟು ಬೀಳುತ್ತದೆ ಎನ್ನುವ ದಿನ ದೊಡ್ಡಪ್ಪ ಎದ್ದು ನಿಂತರು.

"ಇವತ್ತು ಕರ್ಕೊಂಡ್ ಬತ್ತೀನಿ. ದೀಪ ಹಚ್ಚೋದ್ರೊಳಗೆ ಹುಡುಗಿ ಈ ಹೊಸ್ಲು ದಾಟಿರ್ತಾಳೆ."

ಗಾಡಿ ಕಟ್ಟಿದರೆ ದಾರಿಯಲ್ಲೇ ಎಂಟು ಬೀಳುತ್ತದೆ. ಬಸ್ಸಿನಲ್ಲಿ ಬಸುರಿಗೆ ಕಾಲಿಡಲು ಜಾಗವಿಲ್ಲ. ಹಾಗಾಗಿ ಒಲೆ ಕಾರೇ ಗತಿ. ದೊಡ್ಡಪ್ಪ ನಡೆಸುವವರು, ಅಜ್ಜಿ ಕರೆಯುವವಳು. ಅಕ್ಕನ ಜೊತೆಗೆ ಮಾತಿಗಿರಲಿ ಅಂತ ನಾನು. ಅಷ್ಟರಲ್ಲಿ ಅಜ್ಜಿಗೆ ನೆನಪಾಯಿತು: ಒಳ್ಳೆಯ ಕೆಲಸಕ್ಕೆ ಮೂರು ಜನ ಹೊರಡಬಾರದು. ನಾಲ್ಕನೆಯವರಾಗಿ ಯಾರನ್ನಾದರೂ ಕರೆದರೆ ಕಾರು ಏರು ಹತ್ತುವುದಿಲ್ಲ. ಇಂಥ ಹೊತ್ತಿಗೆ ನಮ್ಮ ಕಡೆ ಒಂದು ಕಲ್ಲನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಅಜ್ಜಿ ಹಿತ್ತಲಿನಿಂದ ಒಂದು ಗುಂಡುಕಲ್ಲು ತಂದು, ತೊಳೆದು, ವಿಭೂತಿ ಹಚ್ಚಿ ಹಿಂದಿನ ಸೀಟಿನಲ್ಲಿ ಕೂರಿಸಿದಳು. ಕಿಟಕಿಯ ಪಕ್ಕದ ಜಾಗ ಕಲ್ಲಿಗೆ ಸಿಕ್ಕಿತು. ನನಗೆ ಸಿಗಲಿಲ್ಲ. "ಅದು ದೊಡ್ಡೋರ ಲೆಕ್ಕ ಕಣೇ, ನೀನು ಈ ಕಡೆ ಸರ್ಕೋ" ಅಂದಳು.

ಹೋಗುವಾಗ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಹೊಳೆನರಸೀಪುರದಲ್ಲಿ ಇದ್ದಲು ತುಂಬಲು ನಿಲ್ಲಿಸಿದಾಗ ಊರಿಗೆ ಊರೇ ಸುತ್ತ ನಿಂತಿತು. "ಸಾ, ನೀರು ಕಾದೈತಾ? ಒಂದು ಚೊಂಬು ಉಯ್ಕಂತೀನಿ" ಅಂತ ಒಬ್ಬ ಕೇಳಿದ. ದೊಡ್ಡಪ್ಪ ಅವನ ಕಡೆ ತಿರುಗಿಯೂ ನೋಡಲಿಲ್ಲ. ಮಧ್ಯಾಹ್ನಕ್ಕೆ ಮುಂಚೆ ಅರಕಲಗೂಡು ಮುಟ್ಟಿದೆವು.

ಭಾವ ಯಾವುದೋ ಕೆಲಸಕ್ಕೆ ಹಾಸನಕ್ಕೆ ಹೋಗಿದ್ದರು. ಚನ್ನಾಜಮ್ಮ ಊಟಕ್ಕಿಟ್ಟರು. ಉಪಚಾರದಲ್ಲಿ ಒಂದು ಚೂರು ಕೊರತೆ ಇಲ್ಲ. ಎಲೆ ಅಡಿಕೆ ಆದ ಮೇಲೆ ಅಂಗಳಕ್ಕೆ ಬಂದು, ಹೊಗೆಯಾಡುತ್ತಿದ್ದ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಬೀಗ್ರೇ, ಇದ್ರ ಮ್ಯಾಲೆ ನನಗೆ ನಂಬಿಕೆ ಇಲ್ಲ. ತುಂಬಿದ ಬಸುರಿ. ನಾನೂ ಜೊತೆಗೆ ಬತ್ತೀನಿ. ಒಳೆ ಮುಟ್ಟೋದ್ರೊಳಗೆ ಈ ಗಾಡಿ ಎಲ್ಲಾದ್ರೂ ನಿಂತ್ಕಂತು ಅನ್ನಿ, ನನ್ನ ಸೊಸೇನ ಅಲ್ಲಿಂದ್ಲೇ ವಾಪಸ್ ಕರ್ಕಂಡೋಯ್ತೀನಿ. ಒಪ್ಪಿಗೇನಾ?"

ಹೊಳೆ ಅಂದರೆ ಹೊಳೆನರಸೀಪುರದ ಹತ್ತಿರದ ಹೇಮಾವತಿ. ಅದನ್ನು ದಾಟಿದರೆ ನಮ್ಮ ಸೀಮೆ. ದೊಡ್ಡಪ್ಪನ ಮರ್ಯಾದೆಯ ಪ್ರಶ್ನೆ. "ಒಪ್ಪಿಗೆ" ಅಂದುಬಿಟ್ಟರು. ಅಕ್ಕ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಳು. ಅವಳ ಮುಖ ನೋಡಿ, ಕಾರು ನಿಲ್ಲದಿರಲಿ ಅಂತ ನಾನು ಗೊತ್ತಿರುವ ದೇವರಿಗೆಲ್ಲ ಹೇಳಿಕೊಂಡೆ. ಹೊರಡುವಾಗ ಚನ್ನಾಜಮ್ಮ ಬೀಗರ ಮನೆಗೆಂದು ತಮ್ಮ ಹಿತ್ತಲಲ್ಲೇ ಬೆಳೆದ ಒಣಮೆಣಸಿನಕಾಯಿ ಒಂದು ಚೀಲ ತಂದು ಕಾಲ ಹತ್ತಿರ ಇಟ್ಟುಕೊಂಡರು. ಬೀದಿಯ ಹೆಂಗಸರೆಲ್ಲ ಬಂದು ಅಕ್ಕನನ್ನು ನೋಡಿ, ಎಷ್ಟು ಲಕ್ಷಣವಾಗವಳೆ, ಗಂಡೇ ಆಯ್ತದೆ ನೋಡು ಅಂತ ಒಬ್ಬರಾದ ಮೇಲೊಬ್ಬರು ಹೇಳಿದರು. ಅಜ್ಜಿ ಹಲ್ಲು ಕಚ್ಚಿಕೊಂಡು ನಕ್ಕಳು.

ಈಗ ಕಾರಿನಲ್ಲಿ ಐದು ಜನ. ಕಲ್ಲು ಸೇರಿದರೆ ಆರು. ಚನ್ನಾಜಮ್ಮ ಕೃಶಕಾಯದವರೇನಲ್ಲ. ಆದರೂ ಕಾರು ಗೊರಗೊರ ಎನ್ನುತ್ತ ಓಡಿತು. ಹೊಳೆನರಸೀಪುರ ಇನ್ನೇನು ಬಂತು ಎನ್ನುವಾಗ ಒಂದು ದಿಣ್ಣೆ. ಬೆಳಿಗ್ಗೆ ಆ ಕಡೆಯಿಂದ ಬಂದಾಗ ಅದು ಇಳಿಜಾರಾಗಿತ್ತೋ ಏನೋ, ಕಂಡಿರಲೇ ಇಲ್ಲ. ಕಾರು ಅರ್ಧ ಹತ್ತಿ, ಯೋಚನೆ ಮಾಡಿ, ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ದೊಡ್ಡಪ್ಪ ಕೂಗಿಕೊಂಡರು. ನಾನು ಹಾರಿ ಇಳಿದು ನಾಲ್ಕನೆಯವರನ್ನು ಎತ್ತಿ ಚಕ್ರಕ್ಕೆ ಅಡ್ಡ ಕೊಟ್ಟೆ.

"ನಿಂತ್ಕಂತು" ಅಂದರು ಚನ್ನಾಜಮ್ಮ.

"ನಿಂತಿಲ್ಲ ಬೀಗಿತ್ತೀ. ಕೇಳಿಸ್ಕಳಿ, ಎಂಜಿನ್ನು ಓಡ್ತಾ ಐತೆ" ಅಂದರು ದೊಡ್ಡಪ್ಪ.

"ಗಾಡಿ ಓಡ್ತಾ ಇಲ್ವಲ್ಲ."

"ನೀವು ಯೋಳಿದ್ದು ನಿಂತ್ರೆ ಅಂತ. ಎಂಜಿನ್ನು ಆರೋದ್ರೆ ನಿಂತಂಗೆ. ಇದು ದಣಿವಾರಿಸ್ಕಂತಾ ಐತೆ."

ಇದನ್ನು ಯಾವ ಕೋರ್ಟಿಗೆ ಹಾಕಿದರೂ ತೀರ್ಮಾನವಾಗುತ್ತಿರಲಿಲ್ಲ. ಅಜ್ಜಿ ಈ ವಾದಕ್ಕೆ ತಲೆ ಹಾಕಲಿಲ್ಲ. ಅವಳಿಗೆ ಕಾರಣ ಆಗಲೇ ತಿಳಿದುಹೋಗಿತ್ತು.

"ದೃಷ್ಟಿ ಆಗೈತೆ ಕಣೋ. ಊರ ಕಣ್ಣೆಲ್ಲ ಉಡುಗಿ ಮ್ಯಾಲೆ ಬಿದ್ದೈತೆ."

ದೃಷ್ಟಿ ತೆಗೆಯುವುದು ನಿಮಗೂ ಗೊತ್ತಿರಬೇಕು. ಒಣಮೆಣಸಿನಕಾಯಿ, ಉಪ್ಪು ಹಿಡಿದು ಆಳಿಗೆ ಮೂರು ಸಲ ನಿವಾಳಿಸಿ ಒಲೆಗೆ ಹಾಕುತ್ತಾರೆ. ಘಾಟು ಎದ್ದು ಎಲ್ಲರೂ ಕೆಮ್ಮಿದರೆ ದೃಷ್ಟಿ ಇರಲಿಲ್ಲ ಅಂತ ಲೆಕ್ಕ. ಘಾಟೇ ಬರಲಿಲ್ಲವೋ, ಭಾರಿ ದೃಷ್ಟಿ. ಅಜ್ಜಿಯ ಎಲೆ ಅಡಿಕೆ ಚೀಲದಲ್ಲಿ ಇವೆರಡೂ ಸದಾ ಇರುತ್ತಿದ್ದವು. ಒಲೆಯಂತೂ ಬೆನ್ನ ಹಿಂದೆಯೇ ಉರಿಯುತ್ತಿತ್ತು. ದೊಡ್ಡಪ್ಪ ಇದ್ದಲು ಸುರಿಯಲು ಮುಚ್ಚಳ ತೆಗೆದದ್ದೇ ತಡ, ಅಕ್ಕನಿಗೆ ನಿವಾಳಿಸಿದ ಮೆಣಸಿನಕಾಯಿಯನ್ನು ಅಜ್ಜಿ ಒಳಕ್ಕೆ ಎಸೆದಳು. ಗಾಳಿ ಹೋದರೆ ಗ್ಯಾಸು ಕೆಡುತ್ತದೆ ಅಂತ ದೊಡ್ಡಪ್ಪ ತಕ್ಷಣ ಮುಚ್ಚಳ ಬಿಗಿದರು.

ಎಲ್ಲರೂ ಮೂಗು ಎತ್ತಿ ನಿಂತೆವು. ಘಾಟಿಲ್ಲ.

ಎಲ್ಲಿಂದ ಬರಬೇಕು? ಆ ಡ್ರಮ್ಮಿನೊಳಗಿನ ಹೊಗೆಯನ್ನೆಲ್ಲ ಕೊಳವೆಯಿಂದ ಎಂಜಿನ್ನು ಎಳೆದುಕೊಳ್ಳುತ್ತದೆ. ಹೊರಗೆ ಒಂದೆಳೆಯೂ ಬರುವುದಿಲ್ಲ. ಅದನ್ನು ಅಜ್ಜಿಗೆ ಹೇಳುವವರು ಯಾರು? ಅವಳ ಮುಖ ಬಿಳಿಚಿಕೊಂಡಿತು.

"ಅಯ್ಯೋ ಶಿವನೇ, ಎಂಥ ದೃಷ್ಟಿ ಇದು. ಇನ್ನೊಂದು ಸಲ ಮುಚ್ಳ ತೆಗೀಲಾ."

ಇನ್ನೊಂದು ಸಲ ಹಾಕಿದಳು. ಮತ್ತೊಂದು ಸಲ ಹಾಕಿದಳು. ಅವಳ ಚೀಲ ಖಾಲಿಯಾಯಿತೇ ಹೊರತು ಒಬ್ಬರಿಗೂ ಕೆಮ್ಮು ಬರಲಿಲ್ಲ. ಆಗ ಅವಳು ಯಾರ ಕಡೆಗೂ ನೋಡದೆ, "ಬೀದಿಯೋರ ದೃಷ್ಟಿ ಇಷ್ಟು ಗಟ್ಟಿ ಇರಲ್ಲ. ಮನೆಯೋರ ದೃಷ್ಟಿ ಆದ್ರೆ ಇಂಗೆ" ಅಂದಳು.

ಚನ್ನಾಜಮ್ಮ ಕಾರಿನೊಳಕ್ಕೆ ಬಗ್ಗಿ ತಮ್ಮ ಮೆಣಸಿನಕಾಯಿ ಚೀಲದ ಬಾಯಿ ಬಿಚ್ಚಿದರು. "ತಗಳಿ. ನನ್ನ ಕೈಯಾರ ಬೆಳ್ದಿದ್ದು. ಇದೂ ಘಾಟು ಬರ್ಲಿಲ್ಲ ಅಂದ್ರೆ ಆಮ್ಯಾಕೆ ಮಾತಾಡಿ" ಅಂದು ಬೊಗಸೆ ಬೊಗಸೆ ತಾವೇ ಅಕ್ಕನಿಗೆ ನಿವಾಳಿಸಿ, ದೊಡ್ಡಪ್ಪ ಬೇಡ ಬೇಡ ಎನ್ನುತ್ತಿದ್ದಂತೆ ಚೀಲವನ್ನೇ ಒಲೆಗೆ ಒದರಿದರು. ಮುಚ್ಚಳ ಬಿತ್ತು. ಘಾಟು ಬರಲಿಲ್ಲ. ಅವರು ಸೀರೆಯನ್ನು ಎತ್ತಿ ಸಿಕ್ಕಿಸಿ, "ನನ್ನ ಕಣ್ಣಲ್ಲಿ ಕೆಟ್ಟದ್ದಿದ್ರೆ ನಾನ್ಯಾಕೆ ತಳ್ಳಲಿ? ನಡೀರಿ, ನಾನೇ ತಳ್ತೀನಿ" ಅಂದು ಕಾರಿನ ಹಿಂದಕ್ಕೆ ಹೋದರು.

ಕಾರು ನಿಂತರೆ ಸೊಸೆ ಅವರಿಗೇ ಉಳಿಯುತ್ತಿದ್ದಳು. ಆ ಸೊಸೆ ಕೂತ ಕಾರನ್ನು ಅವರೇ ತಳ್ಳಲು ನಿಂತರು. ಸ್ವಾಭಿಮಾನ ಮನುಷ್ಯರ ಕೈಯಲ್ಲಿ ಏನೇನು ಮಾಡಿಸುತ್ತದೆ ಅಂತ ನಾನು ಆಮೇಲೆ ಎಷ್ಟೋ ಸಲ ಯೋಚನೆ ಮಾಡಿದ್ದೇನೆ. ಆಗ ಮಾತ್ರ ಯೋಚನೆಗೆ ಪುರುಸೊತ್ತಿರಲಿಲ್ಲ. ಬಲಗಡೆ ಅಜ್ಜಿ, ಎಡಗಡೆ ಚನ್ನಾಜಮ್ಮ, ನಡುವೆ ನಾನು. ಹಿಂದಿನ ಸೀಟಿನಲ್ಲಿ ಅಕ್ಕ ಒಬ್ಬಳೇ. ಅಷ್ಟರಲ್ಲಿ ಹಿಂದಿನಿಂದ ಎತ್ತಿನ ಗಾಡಿಯಲ್ಲಿ ಬರುತ್ತಿದ್ದ ಇಬ್ಬರು ರೈತರೂ ಇಳಿದು ಕೈ ಕೊಟ್ಟರು. ದೊಡ್ಡಪ್ಪ ಎಂಜಿನ್ನಿಗೆ ಜೋರು ಕೊಟ್ಟರು. ಒಳಗೆಲ್ಲ ಸುತ್ತಾಡಿ ದಾರಿ ಹುಡುಕಿಕೊಂಡಿದ್ದ ಆ ಮೆಣಸಿನಕಾಯಿ ಘಾಟು ಅಷ್ಟೂ ಹೊಗೆಕೊಳವೆಯಿಂದ ನಮ್ಮ ಮುಖಕ್ಕೆ ಬಂತು.

ಅದನ್ನು ವರ್ಣಿಸಲಾರೆ. ಮದುವೆ ಮನೆಯ ಒಗ್ಗರಣೆ ಎಲ್ಲ ಒಟ್ಟಿಗೆ ಸೀದರೆ ಆಗುವಂಥದ್ದು. ಒಬ್ಬ ರೈತ ಸೀನುತ್ತ ರಸ್ತೆ ಬಿಟ್ಟು ಹೊಲಕ್ಕೆ ಓಡಿದ. ಇನ್ನೊಬ್ಬ ಕಣ್ಣು ಮುಚ್ಚಿಕೊಂಡೇ, "ಏನ್ ಸಾ, ಎಣ್ಣೆ ಬದ್ಲು ಸಾರು ಉಯ್ದಿದ್ದೀರಾ?" ಅಂತ ಕೂಗಿದ. ಕೊಳವೆಯ ಎತ್ತರಕ್ಕೆ ಸರಿಯಾಗಿದ್ದದ್ದು ನನ್ನ ಮುಖ. ಆದರೆ ಮಕ್ಕಳ ಕಣ್ಣಲ್ಲಿ ನೀರು ಬಂದರೆ ಯಾರು ಲೆಕ್ಕಕ್ಕಿಡುತ್ತಾರೆ? ಅಜ್ಜಿ ಕೆಮ್ಮು ಬಂದರೂ ಬಾಯಿ ಕಚ್ಚಿ ತಡೆದಳು. ಕೆಮ್ಮಿದರೆ ದೃಷ್ಟಿ ಇರಲಿಲ್ಲ ಅಂತ ಒಪ್ಪಿಕೊಂಡ ಹಾಗಾಗುತ್ತದಲ್ಲ. ಚನ್ನಾಜಮ್ಮ ಮಾತ್ರ ಕೈ ತೆಗೆಯಲಿಲ್ಲ. ಕಣ್ಣು ಮೂಗುಗಳಲ್ಲಿ ನೀರು ಧಾರಾಕಾರ ಸುರಿಯುತ್ತಿದ್ದರೂ ತಳ್ಳುತ್ತಲೇ ಇದ್ದರು.

ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಕ್ಕೆ ನೋಡಿದಳು. ಅವಳಿಗೆ ಕಂಡದ್ದು ಎಡಗಡೆಯ ಅತ್ತೆ ಒಬ್ಬರೇ.

"ದೊಡ್ಡಪ್ಪಾ, ಅತ್ತೆ ಅಳ್ತಾವ್ರೆ. ನಿಲ್ಸಿ" ಅಂದಳು.

"ಈಗ ನಿಲ್ಸಿದ್ರೆ ನಿನಗೆ ಎಂಟು ಬೀಳೋದು ಇಲ್ಲೇ ಕಣವ್ವಾ" ಅಂದ ದೊಡ್ಡಪ್ಪ ನಿಲ್ಲಿಸಲಿಲ್ಲ. ಕಾರು ದಿಣ್ಣೆಯ ನೆತ್ತಿ ಹತ್ತಿತು, ಆಚೆಗೆ ಇಳಿಯಿತು, ನಮ್ಮನ್ನೆಲ್ಲ ಅಲ್ಲೇ ಬಿಟ್ಟು ಊರಿನ ಕಡೆ ಓಡಿಯೇ ಹೋಯಿತು. ನಾವು ಆ ರೈತರ ಗಾಡಿ ಹತ್ತಿ, ಕಲ್ಲನ್ನು ಹುಲ್ಲಿನ ಮೇಲಿಟ್ಟುಕೊಂಡು, ಕಣ್ಣೊರೆಸಿಕೊಳ್ಳುತ್ತ ಹಿಂದೆ ಹೊರಟೆವು.

ಹೊಳೆಯ ಸೇತುವೆ ಕಾಣಿಸಿತು. ಸೇತುವೆಗೆ ನಾಲ್ಕು ಮಾರು ಈಚೆಗೆ ಕಾರೂ ಕಾಣಿಸಿತು. ಸದ್ದಿರಲಿಲ್ಲ. ಬೆಂಕಿ ಕೂತುಹೋಗಿ ಎಂಜಿನ್ನು ಆರಿತ್ತು. ದೊಡ್ಡಪ್ಪ ಕೆಳಗಿನ ಬಾಗಿಲು ತೆಗೆದು, ಇದ್ದ ಬದ್ದ ಬೂದಿ ಕೆಂಡವನ್ನೆಲ್ಲ ಹೊಳೆಯ ದಂಡೆಗೆ ಗೋರಿ ಹಾಕಿ ಮುಗಿಸಿದ್ದರು. ಹೊಸ ಇದ್ದಲು ಸುರಿದಿದ್ದರು, ಹೊತ್ತಿಸಿರಲಿಲ್ಲ. ಹೊತ್ತಿಸುವ ಹಕ್ಕು ತಮಗಿಲ್ಲ ಎನ್ನುವವರ ಹಾಗೆ ಸುಮ್ಮನೆ ನಿಂತಿದ್ದರು. ಅಕ್ಕ ಹೊಂಗೆಮರದ ನೆರಳಲ್ಲಿ ಕೂತಿದ್ದಳು.

"ನಿಂತೈತೆ" ಅಂದರು ಚನ್ನಾಜಮ್ಮ ಗಾಡಿಯಿಂದಿಳಿದು.

"ನಿಂತೈತೆ" ಅಂದರು ದೊಡ್ಡಪ್ಪ. ಈ ಸಲ ವಾದಕ್ಕೆ ಏನೂ ಉಳಿದಿರಲಿಲ್ಲ. ನಾನು ಅಕ್ಕನ ಮುಖ ನೋಡಲಾರದೆ ಹೊಳೆಯ ಕಡೆ ತಿರುಗಿಕೊಂಡೆ.

ಅಕ್ಕ ಕೈಯೂರಿ ಎದ್ದು ಬಂದು, ಸೆರಗಿನ ತುದಿಯಿಂದ ಅತ್ತೆಯ ಕಣ್ಣು, ಕೆನ್ನೆ ಒರೆಸಿದಳು. ಮದುವೆಯಾದ ಮೂರು ವರ್ಷದಲ್ಲಿ ಅವಳು ಅತ್ತೆಯ ಮುಖ ಮುಟ್ಟಿದ್ದು ಅದೇ ಮೊದಲಿರಬೇಕು.

"ನಾನು ನೋಡ್ದೆ ಅತ್ತೆ. ನೀವು ಅಷ್ಟೊಂದು ಅಳ್ತಿದ್ರಿ. ಮದುವೆ ಮಾಡಿ ಕಳಿಸ್ದಾಗ ನಮ್ಮವ್ವಾನೂ ಅಷ್ಟು ಅಳ್ಲಿಲ್ಲ. ನೀವು ಬೇಕು ಬೇಕಂತ ತಡೀತೀರಿ ಅಂತ ನಾನು ಒಳಗೇ ಬಯ್ಕಂತಿದ್ದೆ. ನಾನು ಓಗಲ್ಲ ಬುಡಿ. ವಾಪಸ್ ಓಗಾಣ. ಅಲ್ಲೇ ಹೆರ್ತೀನಿ."

ಚನ್ನಾಜಮ್ಮ ತಿಂಗಳುಗಟ್ಟಲೆ ಆಷಾಢ, ಹಸು, ಕರು ಅಂತ ಕಾದದ್ದು ಈಗ ತಾನಾಗಿಯೇ ಬಂದು ಕೈ ಹಿಡಿದುಕೊಂಡಿತ್ತು. ಹೂಂ ಅಂದಿದ್ದರೆ ಆಗುತ್ತಿತ್ತು. ಅವರು ಸೊಸೆಯ ಹೊಟ್ಟೆಯನ್ನು ನೋಡಿದರು. ಕೆಂಪಗೆ ಊದಿದ ಕಣ್ಣುಗಳಿಂದ ಅವಳ ಮುಖ ನೋಡಿದರು.

"ನಾನು ಅಳ್ಲಿಲ್ಲ ಕಣೆ ಉಡುಗಿ. ಅದು ಮೆಣಸಿನಕಾಯಿ ಘಾಟು."

"ಸುಮ್ನಿರಿ ಅತ್ತೆ. ನಾನು ಓಯ್ತೀನಲ್ಲ ಅಂತ ಯೋಳ್ತೀರಿ."

"ಘಾಟೇ ಕಣೆ. ನಿಮ್ಮಜ್ಜೀನ ಕೇಳು."

ಅಜ್ಜಿ ಕೇಳಿಸದವಳ ಹಾಗೆ ನಿಂತಳು. ಅಕ್ಕ ನಂಬಲಿಲ್ಲ. ಅತ್ತೆ ಜೀವಮಾನದಲ್ಲಿ ಮೊದಲ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು, ಅದನ್ನು ಸೊಸೆ ಪ್ರೀತಿ ಅಂತ ತಿಳಿದುಕೊಂಡಳು. ಚನ್ನಾಜಮ್ಮ ಇನ್ನು ಮಾತಾಡಿ ಉಪಯೋಗವಿಲ್ಲ ಎಂದುಕೊಂಡರೋ ಏನೋ. ನೇರ ಡ್ರಮ್ಮಿನ ಹತ್ತಿರ ಹೋಗಿ ಗಾಳಿ ಯಂತ್ರದ ಹಿಡಿಗೆ ಕೈ ಹಾಕಿದರು.

"ಬೀಗ್ರೇ, ಕಡ್ಡಿ ಗೀರಿ. ಒತ್ತಾಯ್ತು."

ರಾಗಿ ಬೀಸಿ ಪಳಗಿದ ಕೈ. ಅಷ್ಟು ಬೇಗ ಆ ಕಾರಿಗೆ ಗ್ಯಾಸು ಬಂದದ್ದನ್ನು ನಾನು ಮತ್ತೆಂದೂ ನೋಡಲಿಲ್ಲ. ನೀಲಿ ಉರಿ ಹತ್ತಿತು, ಎಂಜಿನ್ನು ಗೊರಗೊರ ಅಂತು. ಅಕ್ಕನನ್ನು ತೋಳು ಹಿಡಿದು ಒಳಗೆ ಕೂರಿಸಿದರು. ಬಸುರಿ ಹೊಳೆ ದಾಟಬಾರದಲ್ಲ, ಅದಕ್ಕೆ ಅಜ್ಜಿ ಹೊಳೆಗೆ ಅರಿಶಿನ ಕುಂಕುಮ, ಒಂದು ನಿಂಬೆಹಣ್ಣು ಹಾಕಿ ಕೈ ಮುಗಿದು ಬಂದಳು.

"ನೀವು ಅತ್ತಿ ಬೀಗಿತ್ತೀ" ಅಂದರು ದೊಡ್ಡಪ್ಪ.

"ನಾನು ಕೂತ್ರೆ ಇದು ಏರು ಅತ್ತಲ್ಲ ಅಂತ ನೋಡಿದ್ವಲ್ಲ. ನನ್ನ ಭಾರ ಇಲ್ಲೇ ಇಳೀಲಿ. ಪ್ಯಾಟೇಲಿ ನಮ್ಮಣ್ಣನ ಮನೆ ಐತೆ, ರಾತ್ರಿ ಅಲ್ಲಿದ್ದು ನಾಳೆ ಊರಿಗೋಯ್ತೀನಿ. ನಡೀರಿ, ದೀಪ ಹಚ್ಚೋದ್ರೊಳಗೆ ಸೇರ್ಕಳಿ."

ಸೇರಿಕೊಂಡೆವು. ಮುಂದೆ ಒಂದು ದಿಣ್ಣೆಯಲ್ಲೂ ಕಾರು ನಿಲ್ಲಲಿಲ್ಲ. ಅವ್ವ ಆರತಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು, ಮನೆಯ ದೀಪ ಇನ್ನೂ ಹಚ್ಚಿರಲಿಲ್ಲ. ಅಕ್ಕನ ಹೆರಿಗೆ ಅವ್ವನ ಮಗ್ಗುಲಲ್ಲೇ ಸುಸೂತ್ರವಾಗಿ ಆಯಿತು. ಹುಟ್ಟಿದ್ದು ಹೆಣ್ಣು. ಅರಕಲಗೂಡಿನ ಬೀದಿಯವರ ಮಾತು ಸುಳ್ಳಾಯಿತು.

ಇದನ್ನೆಲ್ಲ ಮೇಘನಾಳಿಗೆ ಹೇಳಿದರೆ, ಹಾಗಾದರೆ ದೂರಕ್ಕೆ ಆ ಕಾರು ಆಗುತ್ತಿತ್ತೋ ಇಲ್ಲವೋ ಒಂದೇ ಮಾತಲ್ಲಿ ಹೇಳಿ ಅನ್ನುತ್ತಾಳೆ. ಅಂಥ ಮಾತು ನನ್ನ ಹತ್ತಿರ ಇಲ್ಲ. ಸೇತುವೆ ದಾಟುವಾಗ ಅಕ್ಕನೂ ನಾನೂ ಕಿಟಕಿಯಿಂದ ಹಿಂದಕ್ಕೆ ನೋಡಿದೆವು. ಚನ್ನಾಜಮ್ಮ ಪೇಟೆಯ ಕಡೆ ಹೋಗಿರಲಿಲ್ಲ. ಸೇತುವೆಯ ಬಾಯಲ್ಲಿ ಒಬ್ಬರೇ ನಿಂತು, ಕಣ್ಣಿಗೆ ಸೆರಗು ಒತ್ತಿಕೊಂಡಿದ್ದರು, ತೆಗೆಯುತ್ತಲೇ ಇರಲಿಲ್ಲ. "ನೋಡೇ, ಇನ್ನೂ ಘಾಟು ಅಂತಾರೆ ಅತ್ತೆ" ಅಂದಳು ಅಕ್ಕ ಅಳುತ್ತಾ. ನಾನು ಹೂಂ ಅಂದೆ. ಒಲೆಯಲ್ಲಿ ಆಗ ಉರಿಯುತ್ತಿದ್ದದ್ದು ಹೊಸ ಇದ್ದಲು. ಮೆಣಸಿನಕಾಯಿಯ ಬೂದಿಯನ್ನೆಲ್ಲ ದೊಡ್ಡಪ್ಪ ಹೊಳೆಯ ದಂಡೆಗೆ ಗೋರಿ ಹಾಕಿ ಬಹಳ ಹೊತ್ತಾಗಿತ್ತು.